ರೊಮ್ಯಾಂಟಿಕ್ ಕವಿಗಳು, ವಿಜ್ಞಾನ ಮತ್ತು ಭಾವ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕ. ನನ್ನ ಓದು, ಬರವಣಿಗೆ, ಪಾಠ ಎಲ್ಲವೂ ಹೆಚ್ಚುಕಡಿಮೆ 1780ರಿಂದ 1830ರವರೆಗಿನ, ಅಂದರೆ ರೊಮ್ಯಾಂಟಿಕ್ ಯುಗದ ಬ್ರಿಟನ್ನಿನ ಸುತ್ತಲೇ ಸುತ್ತಿವೆ. ಎಂ.ಎ. ವಿದ್ಯಾರ್ಥಿಗಳು, ಪಿಎಚ್.ಡಿ.ಗೆ ವಿಷಯ ಹುಡುಕುತ್ತಿರುವವರು, ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕುಳಿತವರು, ಎಲ್ಲರೂ ಕೇಳುವ ಪ್ರಶ್ನೆಗಳು ಮಾತ್ರ ಅವೇ. ಹಾಗಾಗಿ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ.

ನಿಮ್ಮ ವಿಷಯವನ್ನು ಎರಡು ಮಾತಿನಲ್ಲಿ ಹೇಳಿ ಎಂದರೆ?

ವರ್ಡ್ಸ್‌ವರ್ತ್, ಕೋಲ್‌ರಿಜ್, ಕೀಟ್ಸ್, ಮೇರಿ ಶೆಲ್ಲಿ ಬರೆಯುತ್ತಿದ್ದ ಕಾಲದಲ್ಲೇ ರಸಾಯನಶಾಸ್ತ್ರ, ವಿದ್ಯುತ್ತು, ಅಂಗರಚನಾಶಾಸ್ತ್ರ, ಖಗೋಳಶಾಸ್ತ್ರ ದಿನಕ್ಕೊಂದು ಹೊಸ ಸುದ್ದಿ ಕೊಡುತ್ತಿದ್ದವು. ಆ ಸುದ್ದಿಗಳು ಕವಿತೆಗೆ ಹೇಗೆ ಬಂದವು, ಕವಿಗಳ ಮಾತು ಪ್ರಯೋಗಶಾಲೆಗೆ ಹೇಗೆ ಹೋಯಿತು, ಇವೆರಡರ ನಡುವೆ ಮನುಷ್ಯನ ಸುಖ, ಭಯ, ದ್ವೇಷ, ದುಃಖಗಳನ್ನು ಯಾರು ಹೇಗೆ ವಿವರಿಸಿದರು ಎಂಬುದನ್ನು ನೋಡುವುದು ನನ್ನ ಕೆಲಸ.

ಕವಿಗಳಿಗೂ ವಿಜ್ಞಾನಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧವಲ್ಲವೇ? ನ್ಯೂಟನ್ ಕಾಮನಬಿಲ್ಲನ್ನು ಕೆಡಿಸಿದ ಎಂದು ಕೀಟ್ಸ್ ಹೇಳಿದ್ದನಲ್ಲ?

ಈ ಪ್ರಶ್ನೆ ಕೇಳದ ತರಗತಿಯೇ ಇಲ್ಲ. ಹೇಳಿದ್ದು ನಿಜ, ಆದರೆ ಎಲ್ಲಿ, ಯಾವ ಸ್ಥಿತಿಯಲ್ಲಿ ಎಂಬುದನ್ನೂ ಕೇಳಬೇಕು. 1817ರ ಡಿಸೆಂಬರ್ 28ರಂದು ಚಿತ್ರಕಾರ ಬೆಂಜಮಿನ್ ಹೇಡನ್ ಲಂಡನ್ನಿನ ತನ್ನ ಮನೆಯಲ್ಲಿ ಊಟ ಹಾಕಿಸಿದ. ವರ್ಡ್ಸ್‌ವರ್ತ್, ಕೀಟ್ಸ್, ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಬಂದಿದ್ದರು. ಗೋಡೆಗೆ ಒರಗಿದ್ದ ದೊಡ್ಡ ಚಿತ್ರದ ಜನಸಂದಣಿಯಲ್ಲಿ ಹೇಡನ್ ನ್ಯೂಟನ್ನನ ಮುಖವನ್ನೂ ಬಿಡಿಸಿದ್ದ. ಚೆನ್ನಾಗಿ ಕುಡಿದಿದ್ದ ಲ್ಯಾಂಬ್ ಅದನ್ನು ಹಿಡಿದು ಕಾಲೆಳೆಯಲು ಶುರು ಮಾಡಿದ. ಕಾಮನಬಿಲ್ಲಿನ ಕಾವ್ಯವನ್ನೆಲ್ಲ ಪಟ್ಟಕದ ಬಣ್ಣಗಳಿಗೆ ಇಳಿಸಿ ಹಾಳುಮಾಡಿದ ಮನುಷ್ಯ ಇವನೇ ಎಂಬ ಮಾತಿಗೆ ಕೀಟ್ಸ್ ಹೂಂಗುಟ್ಟಿದ. ಕೊನೆಗೆ ಎಲ್ಲರೂ ನ್ಯೂಟನ್ನನ ಆರೋಗ್ಯಕ್ಕೂ ಗಣಿತದ ಗೊಂದಲಕ್ಕೂ ಒಟ್ಟಿಗೇ ಲೋಟ ಎತ್ತಿದರು. ಇದು ಊಟದ ಮೇಜಿನ ಹಾಸ್ಯ. ಇದನ್ನು ಒಂದು ಯುಗದ ಸಿದ್ಧಾಂತವೆಂದು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬರೆದವರಿಗೆ ನಾನು ಅಂಕ ಕಡಿಮೆ ಕೊಟ್ಟಿದ್ದೇನೆ.

1820ರಲ್ಲಿ ಅಚ್ಚಾದ 'ಲೇಮಿಯಾ' ಕವಿತೆಯಲ್ಲಿ ಕೀಟ್ಸ್ ಅದೇ ಮಾತನ್ನು ಗಂಭೀರವಾಗಿ ಬಳಸಿದ್ದಾನೆ, ಒಪ್ಪುತ್ತೇನೆ. ಆದರೆ ಅವನು ಯಾರು? ಔಷಧಿ ವೈದ್ಯನೊಬ್ಬನ ಬಳಿ ಹುಡುಗನಾಗಿ ಕೆಲಸ ಕಲಿತವನು. 1815ರ ಅಕ್ಟೋಬರಿನಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಗೆ ಸೇರಿ, ಶಸ್ತ್ರಚಿಕಿತ್ಸಕರ ಕೈಕೆಳಗೆ ಗಾಯಗಳಿಗೆ ಪಟ್ಟಿ ಕಟ್ಟಿದವನು. ಅರಿವಳಿಕೆ ಇಲ್ಲದ ಕಾಲ ಅದು. ರೋಗಿಯನ್ನು ನಾಲ್ಕು ಜನ ಹಿಡಿದುಕೊಂಡಿರುತ್ತಿದ್ದರು. 1816ರ ಜುಲೈನಲ್ಲಿ ಪರೀಕ್ಷೆ ಮುಗಿಸಿ ವೃತ್ತಿಯ ಪರವಾನಗಿಯನ್ನೂ ಪಡೆದ. ಅವನ ಅಂಗರಚನಾ ಪಾಠದ ಟಿಪ್ಪಣಿ ಪುಸ್ತಕ ಉಳಿದಿದೆ. ಪುಟದ ನಡುವೆ ರಕ್ತನಾಳ, ನರಗಳ ವಿವರ; ಅಂಚಿನಲ್ಲಿ ಪಾಠದ ನಡುವೆ ಬಿಡಿಸಿದ ಪುಟ್ಟ ಹೂಗಳು. ಅದೇ ವರ್ಷ ಬರೆದ ಹೋಮರನ ಕುರಿತ ಸುನೀತದಲ್ಲಿ, ಹೊಸ ಗ್ರಹವೊಂದು ಕಣ್ಣಿಗೆ ಬಿದ್ದ ಆಕಾಶವೀಕ್ಷಕನಿಗೆ ತನ್ನ ಸಂಭ್ರಮವನ್ನು ಹೋಲಿಸಿದ್ದಾನೆ. ಆ ಗ್ರಹವನ್ನು, ಅಂದರೆ ಯುರೇನಸನ್ನು, 1781ರಲ್ಲಿ ವಿಲಿಯಂ ಹರ್ಷೆಲ್ ಬಾತ್ ಊರಿನ ತನ್ನ ಮನೆಯ ಹಿತ್ತಲಲ್ಲಿ ನಿಂತು ಕಂಡಿದ್ದ. ಕೀಟ್ಸನಿಗೆ ಶಾಲೆಯಲ್ಲಿ ಬಹುಮಾನವಾಗಿ ಬಂದದ್ದೂ ಖಗೋಳಶಾಸ್ತ್ರದ ಪುಸ್ತಕವೇ.

ಹಾಗಾದರೆ ಕವಿಗಳೂ ವಿಜ್ಞಾನಿಗಳೂ ನಿಜಕ್ಕೂ ಒಟ್ಟಿಗೆ ಕೆಲಸ ಮಾಡಿದರೇ?

ಮಾಡಿದರು. ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ ಆದ್ದರಿಂದ ಉತ್ತರ ಉದ್ದವಾಗುತ್ತದೆ.

1799ರಲ್ಲಿ ಬ್ರಿಸ್ಟಲ್ ಪಕ್ಕದ ಕ್ಲಿಫ್ಟನ್‌ನಲ್ಲಿ ಥಾಮಸ್ ಬೆಡ್ಡೋಸ್ ಎಂಬ ವೈದ್ಯ ಒಂದು ಸಂಸ್ಥೆ ತೆರೆದ. ಬಗೆಬಗೆಯ ಅನಿಲಗಳನ್ನು ಉಸಿರಾಡಿಸಿ ಕ್ಷಯದಂಥ ರೋಗಗಳನ್ನು ಗುಣಪಡಿಸಬಹುದೇ ಎಂದು ನೋಡುವುದು ಅವನ ಉದ್ದೇಶ. ಪ್ರಯೋಗಗಳ ಉಸ್ತುವಾರಿಗೆ ಕಾರ್ನ್‌ವಾಲ್‌ನಿಂದ ಬಂದವನು ಹಂಫ್ರಿ ಡೇವಿ. ವಯಸ್ಸು ಇಪ್ಪತ್ತು, ಜೇಬಿನಲ್ಲಿ ಸ್ವಂತ ಕವಿತೆಗಳು. ಆ ವರ್ಷ ಅವನು ನೈಟ್ರಸ್ ಆಕ್ಸೈಡನ್ನು, ಅಂದರೆ ನಗೆ ಅನಿಲವನ್ನು, ತಾನೇ ಉಸಿರಾಡಿ ನೋಡಿದ. ಸತ್ತೇಹೋಗಬಹುದು ಎಂದು ಆಗಿನ ಕೆಲವರು ನಂಬಿದ್ದ ಅನಿಲ ಅದು. ಸಾಯಲಿಲ್ಲ, ನಕ್ಕ, ಕುಣಿದ. ಆಮೇಲೆ ಹಸಿರು ರೇಷ್ಮೆಯ ಚೀಲದಲ್ಲಿ ಅನಿಲ ತುಂಬಿ ಗೆಳೆಯರಿಗೆಲ್ಲ ಕೊಟ್ಟ. ಕವಿ ರಾಬರ್ಟ್ ಸದಿ ಉಸಿರಾಡಿದ, ಕೋಲ್‌ರಿಜ್ ಉಸಿರಾಡಿದ. ಡಿಸೆಂಬರ್ ಕೊನೆಯಲ್ಲಿ ಡೇವಿ ಗಾಳಿಯಾಡದ ಪೆಟ್ಟಿಗೆಯೊಳಗೆ ಒಂದೂಕಾಲು ಗಂಟೆ ಕುಳಿತು, ಹೊರಬಂದು ಮತ್ತೂ ಅನಿಲ ಹೀರಿ, ಆಲೋಚನೆಗಳ ಹೊರತು ಜಗತ್ತಿನಲ್ಲಿ ಬೇರೇನೂ ಇಲ್ಲ ಎಂದು ಪ್ರವಾದಿಯ ಗತ್ತಿನಲ್ಲಿ ಕೂಗಿದನಂತೆ. ಹಾಗೆ ದಾಖಲಿಸಿದವನೂ ಅವನೇ.

ಇಲ್ಲಿ ಒಂದು ತೊಡಕು ಎದುರಾಯಿತು. ಅನಿಲದ ತೂಕ, ಗಾತ್ರ ಅಳೆಯಬಹುದು, ನಾಡಿ ಎಣಿಸಬಹುದು. ಆದರೆ ಉಸಿರಾಡಿದವನಿಗೆ ಒಳಗೆ ಏನಾಯಿತು ಎಂಬುದನ್ನು ಅಳೆಯಲು ಯಾವ ಯಂತ್ರವಿತ್ತು? ಅವನ ಬಾಯಿಮಾತೇ ಗತಿ. ಒಬ್ಬ ರೋಗಿಯನ್ನು ಹೇಗನ್ನಿಸುತ್ತಿದೆ ಎಂದು ಕೇಳಿದರೆ, ಹಾರ್ಪ್ ವಾದ್ಯದ ನಾದದಂತೆ ಅನ್ನಿಸುತ್ತಿದೆ ಎಂದನಂತೆ. ವೈದ್ಯಕೀಯ ವರದಿಯಲ್ಲಿ ಇಂಥ ವಾಕ್ಯವನ್ನು ಏನು ಮಾಡುವುದು? ಡೇವಿ ಜಾಣ. 1800ರಲ್ಲಿ ಪ್ರಕಟಿಸಿದ ತನ್ನ ದಪ್ಪ ಪುಸ್ತಕದಲ್ಲಿ ರಾಸಾಯನಿಕ ಲೆಕ್ಕಗಳ ಜೊತೆಗೆ ಉಸಿರಾಡಿದವರ ಹೇಳಿಕೆಗಳನ್ನೂ ಅವರವರ ಮಾತಿನಲ್ಲೇ ಅಚ್ಚು ಹಾಕಿಸಿದ. ಹಿಮದಲ್ಲಿ ಅಡ್ಡಾಡಿ ಬೆಚ್ಚನೆಯ ಕೋಣೆಗೆ ಮರಳಿದಾಗ ಮೈಗೆಲ್ಲ ಹರಡುವಂಥ ಹಿತ ಎಂದು ಕೋಲ್‌ರಿಜ್ ಬರೆದುಕೊಟ್ಟ. ತನ್ನನ್ನು ನೋಡುತ್ತ ನಿಂತವರನ್ನು ಕಂಡು ನಗಬೇಕೆನ್ನಿಸಿದ್ದನ್ನೂ ಮುಚ್ಚಿಡಲಿಲ್ಲ. ಭಾವವನ್ನು ನಿಖರವಾಗಿ ಹೇಳಬಲ್ಲವರು ಆ ಪ್ರಯೋಗಶಾಲೆಗೆ ತಕ್ಕಡಿಯಷ್ಟೇ ಅಗತ್ಯವಾಗಿದ್ದರು. ನನ್ನ ಎಲ್ಲ ಕೆಲಸವೂ ಈ ಒಂದು ಸಂಗತಿಯಿಂದ ಹುಟ್ಟಿದ್ದು.

ಅದೇ 1800ರ ಬೇಸಿಗೆಯಲ್ಲಿ ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಅವರ 'ಲಿರಿಕಲ್ ಬ್ಯಾಲಡ್ಸ್' ಎರಡನೆಯ ಆವೃತ್ತಿ ಬ್ರಿಸ್ಟಲ್‌ನಲ್ಲೇ ಅಚ್ಚಾಗುತ್ತಿತ್ತು. ಕವಿ ದೂರದ ಗ್ರಾಸ್‌ಮಿಯರ್‌ನಲ್ಲಿ. ಕರಡಚ್ಚು ತಿದ್ದುವವರು ಯಾರು? ಮುಖ ಕಂಡಿರದ ಡೇವಿಗೆ ವರ್ಡ್ಸ್‌ವರ್ತ್ ಪತ್ರ ಬರೆದು, ವಿರಾಮಚಿಹ್ನೆಗಳ ವ್ಯವಹಾರ ತನಗೆ ಸರಿಯಾಗಿ ಬಾರದು, ತಪ್ಪು ಕಂಡರೆ ದಯವಿಟ್ಟು ತಿದ್ದಿ ಎಂದು ಕೇಳಿಕೊಂಡ. ಮುಂದೆ ಸೋಡಿಯಂ, ಪೊಟ್ಯಾಸಿಯಂಗಳನ್ನು ಬೇರ್ಪಡಿಸಲಿದ್ದ, ಗಣಿ ಕಾರ್ಮಿಕರ ಸುರಕ್ಷಾ ದೀಪಕ್ಕೆ ಹೆಸರಾಗಲಿದ್ದ ಮನುಷ್ಯನಿಗೆ ಇಂಗ್ಲಿಷ್ ಕಾವ್ಯದ ಅತಿಮುಖ್ಯ ಪುಸ್ತಕವೊಂದರ ಅಲ್ಪವಿರಾಮಗಳನ್ನು ಒಪ್ಪಿಸಿದ್ದರು.

ಒಂದು ಬೇಸರದ ಮಾತನ್ನೂ ಸೇರಿಸಬೇಕು. ದವಡೆಹಲ್ಲಿನ ನೋವು ಈ ಅನಿಲದಿಂದ ಮಾಯವಾದದ್ದನ್ನು ಡೇವಿ ಗಮನಿಸಿದ್ದ; ಶಸ್ತ್ರಚಿಕಿತ್ಸೆಯಲ್ಲಿ ಇದು ಉಪಯೋಗಕ್ಕೆ ಬರಬಹುದು ಎಂದೂ ಬರೆದಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಅವನೂ ಮುಂದುವರಿಸಲಿಲ್ಲ. ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಅದೇ ಅನಿಲ ಉಸಿರಾಡಿ ತನ್ನ ಹಲ್ಲನ್ನೇ ಕೀಳಿಸಿಕೊಂಡದ್ದು 1844ರಲ್ಲಿ. ನಡುವಿನ ನಾಲ್ಕು ದಶಕಗಳಲ್ಲಿ ಆಸ್ಪತ್ರೆಗಳಲ್ಲಿ ಎಷ್ಟು ಜನ ಕಿರುಚಿದರೋ. ಸುಖದ ವರ್ಣನೆಯಲ್ಲಿ ಮೈಮರೆತವರು ನೋವಿನ ವಿಚಾರವನ್ನು ಮರೆತರೇ ಎಂಬ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ.

ಭಾವವನ್ನು ಅಧ್ಯಯನ ಮಾಡುವುದೆಂದರೇನು? ಕವಿತೆ ಓದಿ ಕಣ್ಣೀರು ಬಂತೇ ಎಂದು ನೋಡುವುದೇ?

ನನ್ನ ಕಣ್ಣೀರಿನಿಂದ ಯಾರಿಗೂ ಪ್ರಯೋಜನವಿಲ್ಲ. ಅಂದಿನವರು ಭಾವವನ್ನು ಹೇಗೆ ಅರ್ಥಮಾಡಿಕೊಂಡಿದ್ದರು ಎಂಬುದು ಪ್ರಶ್ನೆ. 'ಲಿರಿಕಲ್ ಬ್ಯಾಲಡ್ಸ್' ಮುನ್ನುಡಿಯಲ್ಲಿರುವ, ಕಾವ್ಯವೆಂದರೆ ತೀವ್ರ ಭಾವಗಳ ಸಹಜ ಉಕ್ಕು ಎಂಬ ವರ್ಡ್ಸ್‌ವರ್ತ್‌ನ ಮಾತನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಅಲ್ಲಿಯೇ ಅವನು ದೀರ್ಘವಾಗಿ, ಆಳವಾಗಿ ಯೋಚಿಸಿದವನಿಗೆ ಮಾತ್ರ ಇದು ಸಾಧ್ಯ ಎಂದೂ, ಆ ಭಾವ ಪ್ರಶಾಂತ ಸ್ಥಿತಿಯಲ್ಲಿ ಮತ್ತೆ ನೆನಪಿಗೆ ತಂದುಕೊಂಡದ್ದು ಎಂದೂ ಹೇಳುತ್ತಾನೆ. ಆ ಭಾಗವನ್ನು ಗೈಡುಗಳು ನುಂಗಿಹಾಕುತ್ತವೆ.

ಶಾಲೆಯಲ್ಲಿ ಓದಿದ ಡ್ಯಾಫೊಡಿಲ್ ಕವಿತೆಯನ್ನೇ ತೆಗೆದುಕೊಳ್ಳಿ. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಆ ಹೂಗಳನ್ನು ಕಂಡಾಗ ಅವನ ಜೊತೆ ತಂಗಿ ಡೊರೊತಿ ಇದ್ದಳು. ಅಂದಿನ ದಿನಚರಿಯಲ್ಲಿ ಅವಳು, ಕೆಲವು ಹೂಗಳು ದಣಿದು ಕಲ್ಲುಗಳನ್ನೇ ದಿಂಬಾಗಿಸಿಕೊಂಡು ತಲೆಯಿಟ್ಟಿದ್ದವು, ಉಳಿದವು ತೂರಾಡಿ ಕುಣಿಯುತ್ತಿದ್ದವು ಎಂದು ಬರೆದಳು. ಅಣ್ಣ ಕವಿತೆ ಬರೆದದ್ದು 1804ರಲ್ಲಿ, ಅಚ್ಚಾದದ್ದು 1807ರಲ್ಲಿ. ಅಷ್ಟರಲ್ಲಿ ತಂಗಿ ಮಾಯವಾಗಿ ಕವಿ ಒಂಟಿಯಾಗಿ ಅಲೆಯುತ್ತಿದ್ದಾನೆ! ಇನ್ನು ಒಳಗಣ್ಣಿನ ಕುರಿತ, ಎಲ್ಲರೂ ಮೆಚ್ಚುವ ಆ ಎರಡು ಸಾಲುಗಳನ್ನು ಕೊಟ್ಟವಳು ಹೆಂಡತಿ ಮೇರಿ. ಒಂದು ಭಾವ ಕವಿತೆಯಾಗುವುದಕ್ಕೆ ಒಂದು ದಿನಚರಿ, ಎರಡು ವರ್ಷ ಮತ್ತು ಇಬ್ಬರು ಹೆಂಗಸರು ಬೇಕಾಯಿತು. ಈ ಲೆಕ್ಕ ಹಿಡಿಯುವುದೇ ಅಧ್ಯಯನ.

ವೈದ್ಯರ ಕಡೆಯಿಂದಲೂ ಸಾಮಗ್ರಿ ಬರುತ್ತಿತ್ತು. ಚಾರ್ಲ್ಸ್ ಡಾರ್ವಿನ್ನನ ಅಜ್ಜ ಎರಾಸ್ಮಸ್ ಡಾರ್ವಿನ್ ತನ್ನ ವೈದ್ಯಗ್ರಂಥದಲ್ಲಿ ಒಬ್ಬ ರೈತನ ಪ್ರಕರಣ ದಾಖಲಿಸಿದ್ದ: ಸೌದೆ ಕದ್ದ ಮುದುಕಿಯನ್ನು ಹಿಡಿದ, ಅವಳು ಶಪಿಸಿದಳು, ಅಂದಿನಿಂದ ಎಷ್ಟು ಹೊದ್ದರೂ ಅವನಿಗೆ ಚಳಿ ಬಿಡಲಿಲ್ಲ. 1798ರ ಆರಂಭದಲ್ಲಿ ಆ ಪುಸ್ತಕವನ್ನು ತುರ್ತಾಗಿ ಕಳಿಸಿಕೊಡಿ ಎಂದು ವರ್ಡ್ಸ್‌ವರ್ತ್ ಪತ್ರ ಬರೆದ. ಆ ವರ್ಷ ಬಂದ 'ಲಿರಿಕಲ್ ಬ್ಯಾಲಡ್ಸ್' ಮೊದಲ ಆವೃತ್ತಿಯಲ್ಲಿ ಅದೇ ಪ್ರಕರಣ ಕಥನಕವನವಾಗಿ ಬಂತು. ಮನಸ್ಸು ನಂಬಿದ್ದನ್ನು ಮೈ ಅನುಭವಿಸುತ್ತದೆ ಎಂಬುದು ವೈದ್ಯನಿಗೂ ಕವಿಗೂ ಸಮಾನ ಕುತೂಹಲ.

ಒಂದೊಂದು ನಾಟಕಕ್ಕೆ ಒಂದೊಂದು ಭಾವ ಎಂದು ಬರೆದ ಲೇಖಕಿಯೊಬ್ಬಳಿದ್ದಾಳಂತೆ. ಅದು ನಮ್ಮ ರಸಸಿದ್ಧಾಂತದ ಹಾಗೆಯೇ?

ಜೊವಾನಾ ಬೇಲಿ. ಸ್ಕಾಟ್ಲೆಂಡಿನವಳು, ಸೋದರಮಾವಂದಿರು ವಿಲಿಯಂ ಮತ್ತು ಜಾನ್ ಹಂಟರ್, ಅಣ್ಣ ಮ್ಯಾಥ್ಯೂ ಬೇಲಿ, ಮೂವರೂ ಹೆಸರಾಂತ ಅಂಗರಚನಾ ತಜ್ಞರು. 1798ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ನಾಟಕಗಳಲ್ಲಿ ಒಂದು ಪ್ರೇಮದ ಮೇಲೆ, ಇನ್ನೊಂದು ದ್ವೇಷದ ಮೇಲೆ. ಗಂಡಸು ಬರೆದದ್ದೆಂದೇ ಹಲವರು ನಂಬಿದ್ದರು.

ರಸಸಿದ್ಧಾಂತದೊಡನೆ ಹೋಲಿಸುವ ಆಸೆ ಸಹಜ, ಆದರೆ ದಾರಿ ಬೇರೆ. ಭರತನ ಪರಂಪರೆಯ ಕಣ್ಣು ಸಹೃದಯನ, ಅಂದರೆ ರಸಿಕ ಪ್ರೇಕ್ಷಕನ ಮೇಲೆ: ಮನಸ್ಸಿನಲ್ಲಿ ನೆಲೆನಿಂತ ಸ್ಥಾಯಿಭಾವ ಅವನಲ್ಲಿ ರಸವಾಗುವುದು ಹೇಗೆ ಎಂಬುದು ಅಲ್ಲಿನ ವಿಚಾರ. ಬೇಲಿಯ ಕಣ್ಣು ಪಾತ್ರದ ಮೇಲೆ: ದ್ವೇಷವೊಂದು ಮನಸ್ಸಿನಲ್ಲಿ ಮೊಳೆತು, ಬಲಿತು, ಆಳನ್ನೇ ತಿನ್ನುವವರೆಗಿನ ಹಂತಗಳನ್ನು ಅವಳು ರೋಗದ ಗತಿಯನ್ನು ಗುರುತಿಸುವಂತೆ ಗುರುತಿಸುತ್ತಾಳೆ. ಅಂಗರಚನಾಕಾರರ ಮನೆಯ ಹುಡುಗಿ ಅಲ್ಲವೇ. ಯಾರಾದರೂ ಭಾರತೀಯ ಕಾವ್ಯಮೀಮಾಂಸೆಯನ್ನೂ ಬೇಲಿಯನ್ನೂ ಒಟ್ಟಿಗೆ, ಎರಡರ ವ್ಯತ್ಯಾಸಕ್ಕೂ ಬೆಲೆ ಕೊಟ್ಟು ಓದಿದರೆ ಒಳ್ಳೆಯ ಪ್ರಬಂಧವಾದೀತು.

ಫ್ರಾಂಕೆನ್‌ಸ್ಟೈನ್ ವಿಜ್ಞಾನದ ವಿರುದ್ಧ ಬರೆದ ಕಾದಂಬರಿಯೇ?

ಸಿನಿಮಾ ನೋಡಿದವರು ಹೌದೆನ್ನುತ್ತಾರೆ. 1818ರಲ್ಲಿ ಪ್ರಕಟವಾದ ಪುಸ್ತಕ ಅಷ್ಟು ಸರಳವಲ್ಲ. ಮೇರಿ ಶೆಲ್ಲಿ ಅದನ್ನು ಬರೆಯಲು ಆರಂಭಿಸಿದ್ದು 1816ರಲ್ಲಿ ಜಿನೀವಾ ಸರೋವರದ ಬಳಿ. ಹಿಂದಿನ ವರ್ಷ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಉಗುಳಿದ ಬೂದಿಯಿಂದ ಯುರೋಪಿಗೆ ಆ ವರ್ಷ ಬೇಸಿಗೆಯೇ ಬರಲಿಲ್ಲ. ಮಳೆ ಬಿಡದೆ ಸುರಿಯುತ್ತಿದ್ದಾಗ ಒಳಗೆ ಕುಳಿತವರು ದೆವ್ವದ ಕಥೆ ಬರೆಯುವ ಪಂಥ ಕಟ್ಟಿದರು. ಅದೇ ವರ್ಷ ಮೇರಿ ಶೆಲ್ಲಿ, ಡೇವಿಯ ರಸಾಯನಶಾಸ್ತ್ರವನ್ನು ಓದುತ್ತಿದ್ದಳೆಂದು ಅವಳ ದಿನಚರಿ ಹೇಳುತ್ತದೆ. 1803ರಲ್ಲಿ ಲಂಡನ್ನಿನಲ್ಲಿ ಅಲ್ಡೀನಿ ಎಂಬವನು ಗಲ್ಲಿಗೇರಿದ ಕೈದಿಯ ಶವಕ್ಕೆ ವಿದ್ಯುತ್ತು ಹಾಯಿಸಿ ದವಡೆ ಅದುರುವಂತೆ ಮಾಡಿದ್ದ. ಜೀವವೆಂಬುದು ದೇಹಕ್ಕೆ ಹೊರಗಿನಿಂದ ಸೇರುವ ಶಕ್ತಿಯೇ, ದೇಹದ ರಚನೆಯೇ ಜೀವವೇ ಎಂಬ ಬಗ್ಗೆ ಇಬ್ಬರು ಶಸ್ತ್ರವೈದ್ಯರು ಬಹಿರಂಗವಾಗಿ ಜಗಳವಾಡುತ್ತಿದ್ದರು. ಅವರಲ್ಲಿ ಒಬ್ಬನಾದ ವಿಲಿಯಂ ಲಾರೆನ್ಸ್, ಮೇರಿಯ ಗಂಡ, ಕವಿ ಪರ್ಸಿ ಶೆಲ್ಲಿಯ ವೈದ್ಯ.

ಕಾದಂಬರಿಯಲ್ಲಿ ವಿಜ್ಞಾನಿ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಜೀವಿಯನ್ನು ಸೃಷ್ಟಿಸಿದ್ದಕ್ಕಿಂತ, ಅದು ಕಣ್ಣು ಬಿಟ್ಟ ಕೂಡಲೇ ಅಸಹ್ಯಪಟ್ಟು ಓಡಿಹೋದದ್ದು ದೊಡ್ಡ ಅಪರಾಧ. ಜೀವಿ ಗುಡಿಸಲಿನ ಗೋಡೆಯ ಬಿರುಕಿನಿಂದ ಒಂದು ಬಡ ಕುಟುಂಬವನ್ನು ನೋಡುತ್ತ ಮಾತು, ಓದು, ಮಮತೆ ಕಲಿಯುತ್ತದೆ. ವಿಜ್ಞಾನಿಯಲ್ಲಿ ಬತ್ತಿದ್ದು ಅವನ ಸೃಷ್ಟಿಯಲ್ಲಿ ಚಿಗುರುತ್ತದೆ.

ಇಂಥ ವಿಷಯದ ಪ್ರಾಧ್ಯಾಪಕರ ವೃತ್ತಿಜೀವನ ಹೇಗಿರುತ್ತದೆ?

ಹೊರಗಿನಿಂದ ನೋಡಿದರೆ ನೀರಸ. ಹೆಚ್ಚಿನ ಸಮಯ ಇತರರ ಕೈಬರಹ ಬಿಡಿಸುವುದರಲ್ಲೇ ಕಳೆಯುತ್ತದೆ. ನಾನು ಗೌರವಿಸುವ ಇಬ್ಬರನ್ನು ಹೇಳುತ್ತೇನೆ.

ಅಮೆರಿಕದ ಮಾರ್ಜರಿ ಹೋಪ್ ನಿಕೊಲ್ಸನ್ (1894–1981) ಸ್ಮಿತ್ ಕಾಲೇಜಿನಲ್ಲಿ ಡೀನ್ ಆಗಿದ್ದವರು, 1941ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ನ್ಯೂಟನ್ನನ ಬೆಳಕಿನ ಗ್ರಂಥ 1704ರಲ್ಲಿ ಬಂದ ಮೇಲೆ ಇಂಗ್ಲಿಷ್ ಕವಿಗಳು ಏನು ಮಾಡಿದರೆಂದು, ಈಗ ಯಾರೂ ಮುಟ್ಟದ ಸಣ್ಣಪುಟ್ಟ ಕವಿಗಳನ್ನೂ ಜಾಲಾಡಿ ನೋಡಿದರು. ಸಿಕ್ಕ ಉತ್ತರ: ಕವಿಗಳು ಕುಣಿದಾಡಿದ್ದರು! ಕಾಮನಬಿಲ್ಲು ಅರ್ಥವಾದದ್ದರಿಂದ ಇನ್ನಷ್ಟು ಚೆಲುವಾಯಿತೆಂದು ಹಾಡಿದ್ದರು. ಹೇಡನ್ ಮನೆಯ ಊಟಕ್ಕೆ ಮೊದಲು ಒಂದು ಶತಮಾನದ ಸಂಭ್ರಮವಿತ್ತು. 1959ರ ಇನ್ನೊಂದು ಪುಸ್ತಕದಲ್ಲಿ ಅವರು, ಭೂಮಿಯ ಮುಖದ ಮೇಲಿನ ಗಂಟು, ನರುಳಿ ಎಂದು ಬೈಸಿಕೊಳ್ಳುತ್ತಿದ್ದ ಪರ್ವತಗಳು ನೂರೈವತ್ತು ವರ್ಷಗಳಲ್ಲಿ ಮೈನವಿರೇಳಿಸುವ ಭವ್ಯ ದೃಶ್ಯವಾದದ್ದು ಹೇಗೆಂದು ಕೇಳಿದರು. ಭೂವಿಜ್ಞಾನ, ದೈವಶಾಸ್ತ್ರ, ಖಗೋಳ ಎಲ್ಲ ಸೇರಿ ಜನರ ಭಾವವನ್ನೇ ಬದಲಿಸಿದ ಕಥೆ ಅದು. ಬೆಟ್ಟ ನೋಡಿ ಸಂತೋಷಪಡುವುದಕ್ಕೂ ಒಂದು ಇತಿಹಾಸವಿದೆ ಎಂದು ನನಗೆ ಮೊದಲು ತೋರಿಸಿಕೊಟ್ಟವರು ಅವರು.

ಕೆನಡಾದ ಕ್ಯಾಥ್ಲೀನ್ ಕೋಬರ್ನ್ ಟೊರಾಂಟೊದ ವಿಕ್ಟೋರಿಯಾ ಕಾಲೇಜಿನಲ್ಲಿದ್ದವರು. 1930ರ ದಶಕದಲ್ಲಿ ಕೋಲ್‌ರಿಜ್‌ನ ವಂಶಸ್ಥರ ಮನೆಯಲ್ಲಿ ಅವನ ಟಿಪ್ಪಣಿ ಪುಸ್ತಕಗಳನ್ನು ಕಂಡರು. ಐವತ್ತಕ್ಕೂ ಹೆಚ್ಚು ಪುಸ್ತಕಗಳು. ಡೇವಿಯ ಉಪನ್ಯಾಸಗಳ ಟಿಪ್ಪಣಿ, ಕೆಟ್ಟ ಕನಸು, ಹೊಟ್ಟೆನೋವು, ಮೋಡದ ಆಕಾರ, ತತ್ತ್ವಶಾಸ್ತ್ರ ಎಲ್ಲವೂ ಹಲವು ಭಾಷೆಗಳಲ್ಲಿ ಕಲಸಿಹೋಗಿದ್ದವು. ಮೊದಲ ಸಂಪುಟ 1957ರಲ್ಲಿ ಬಂತು. 1991ರಲ್ಲಿ ಅವರು ತೀರಿಕೊಂಡಾಗ ಕೆಲಸ ಮುಗಿದಿರಲಿಲ್ಲ. ಐದನೆಯ ಹಾಗೂ ಕೊನೆಯ ಸಂಪುಟ ಹೊರಬಂದದ್ದು 2002ರಲ್ಲಿ. ಪಠ್ಯದ ಪ್ರತಿ ಸಂಪುಟಕ್ಕೂ ಜೊತೆಗೊಂದು ಟಿಪ್ಪಣಿ ಸಂಪುಟ. ನಾವೆಲ್ಲ ಇಂದು ಆರಾಮಾಗಿ ಉಲ್ಲೇಖಿಸುವ ಸಾಲಿನ ಹಿಂದೆ ಒಬ್ಬರ ಇಡೀ ಆಯುಸ್ಸಿದೆ.

ಇದಕ್ಕೆ ವಿಜ್ಞಾನ ಓದಿರಬೇಕೇ?

ಬೇಕಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಹೆದರಿಕೆ ಕಡಿಮೆ, ಅಷ್ಟೆ. ಇಂದಿನ ವಿಜ್ಞಾನವನ್ನು ಅಂದಿನವರ ತಲೆಗೆ ಕಟ್ಟದಿರುವುದು ಹೆಚ್ಚು ಮುಖ್ಯ. ಕವಿತೆ ಓದಿದಾಗ ಮೆದುಳಿನ ಯಾವ ಭಾಗ ಹೊಳೆಯಿತು ಎಂಬ ಲೇಖನಗಳು ಈಗ ಬಹಳ ಬರುತ್ತವೆ. ಓದುತ್ತೇನೆ, ಆದರೆ ಅವುಗಳಿಂದ ಕವಿತೆಯ ಬಗ್ಗೆ ಹೊಸದೇನನ್ನೂ ಕಲಿತ ನೆನಪಿಲ್ಲ.

ಕನ್ನಡದವರಿಗೆ ಇದರಿಂದ ಏನು?

ನಮ್ಮ ನವೋದಯದ ಕಾವ್ಯ ಈ ಕವಿಗಳ ಓದಿನಿಂದಲೂ ಬೆಳೆದದ್ದು. ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರು. 'ಇಂಗ್ಲಿಷ್ ಗೀತಗಳು' ಆ ಪಾಠದ ಕೋಣೆಯ ಪಕ್ಕದಲ್ಲೇ ಹುಟ್ಟಿತು. ಆದರೆ ನಮಗೆ ತಲುಪಿದ್ದು ಪ್ರಕೃತಿಯ ವರ್ಡ್ಸ್‌ವರ್ತ್, ಹಾಡುವ ಶೆಲ್ಲಿ. ಆಸ್ಪತ್ರೆಯ ಕೀಟ್ಸ್, ಅನಿಲದ ಚೀಲ ಹಿಡಿದ ಕೋಲ್‌ರಿಜ್ ತರಗತಿಯೊಳಗೆ ಬರಲೇ ಇಲ್ಲ. ಇಷ್ಟಾಗಿಯೂ ವಿಜ್ಞಾನವನ್ನು ಭಾವದಿಂದ ಬೇರ್ಪಡಿಸದೆ ಬರೆದವರು ನಮ್ಮಲ್ಲೂ ಇದ್ದರು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ; ಸಸ್ಯಗಳ ವರ್ಗೀಕರಣ ಓದುತ್ತ ಜೋರಾಗಿ ನಗುವ ಭಾಗ್ಯ ಬೇರೆ ಭಾಷೆಯವರಿಗೆ ಸುಲಭಕ್ಕೆ ಸಿಕ್ಕಿಲ್ಲ.

ಒಂದು ನೇರ ಕೊಂಡಿಯೂ ಇದೆ. ಡೇವಿ ಅನಿಲ ಹೀರುತ್ತಿದ್ದ 1799ರಲ್ಲೇ ಶ್ರೀರಂಗಪಟ್ಟಣ ಬಿತ್ತು. ಅಲ್ಲಿಂದ ಲೂಟಿಯಾದ ಟಿಪ್ಪುವಿನ ಯಾಂತ್ರಿಕ ಹುಲಿ, ಕೆಳಗೆ ಬಿದ್ದ ಬಿಳಿಯನ ಮೇಲೆ ಗರ್ಜಿಸುವ ಆ ವಾದ್ಯ, ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಜನರ ನೋಟಕ್ಕೆ ಇತ್ತು. ಕೀಟ್ಸ್ 1819ರಲ್ಲಿ ಬರೆಯತೊಡಗಿ ಮುಗಿಸದೆ ಬಿಟ್ಟ ವಿಡಂಬನ ಕಾವ್ಯದಲ್ಲಿ ಅದು ಚಕ್ರವರ್ತಿಯ ಮುದ್ದಿನ ಆಟಿಕೆಯಾಗಿ ಬರುತ್ತದೆ. ಯಂತ್ರ, ಭಯ, ವಿನೋದ ಮೂರೂ ಅಲ್ಲಿವೆ.

ಪಿಎಚ್.ಡಿ. ಮಾಡಿದರೆ ಕೆಲಸ ಸಿಗುತ್ತದೆಯೇ?

ಈ ವಿಷಯಕ್ಕೆಂದೇ ಹುದ್ದೆ ಇಲ್ಲ. ಇಂಗ್ಲಿಷ್ ಅಧ್ಯಾಪಕರಾಗಿ ಸೇರಿ, ಬಿ.ಕಾಂ. ಮಕ್ಕಳಿಗೆ ವ್ಯವಹಾರ ಪತ್ರ ಬರೆಯುವುದನ್ನು ಹೇಳಿಕೊಟ್ಟು, ಉಳಿದ ವೇಳೆಯಲ್ಲಿ ಇದನ್ನು ಮಾಡಬೇಕು. ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಗಳಾದ ಎನ್‌ಇಟಿ ಅಥವಾ ಕೆ-ಸೆಟ್ ಮೊದಲು ಮುಗಿಸಿಕೊಳ್ಳಿ. ಅತಿಥಿ ಉಪನ್ಯಾಸಕರಾಗಿ ವರ್ಷಗಳು ಕಳೆಯುವ ಸಾಧ್ಯತೆಯನ್ನು ಮನೆಯವರಿಗೆ ಮುಂಚೆಯೇ ಹೇಳಿಬಿಡಿ.

ಇಂಗ್ಲೆಂಡಿಗೆ ಹೋಗದೆ ಹಸ್ತಪ್ರತಿಗಳನ್ನು ನೋಡುವುದು ಹೇಗೆ?

ಇದು ಮಾತ್ರ ನಮ್ಮ ಕಾಲದ ಸುಖ. ಮೇರಿ ಶೆಲ್ಲಿಯ ಕೈಬರಹದ ಫ್ರಾಂಕೆನ್‌ಸ್ಟೈನ್ ಕರಡು, ಪರ್ಸಿಯ ತಿದ್ದುಪಡಿಗಳ ಸಮೇತ, ಶೆಲ್ಲಿ-ಗಾಡ್ವಿನ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಡೇವಿಯ ಟಿಪ್ಪಣಿ ಪುಸ್ತಕಗಳನ್ನು ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಯೋಜನೆಯೊಂದು ಜೂನಿವರ್ಸ್ ಜಾಲತಾಣದಲ್ಲಿ ಸ್ವಯಂಸೇವಕರ ನೆರವಿನಿಂದ ಅಕ್ಷರಕ್ಕಿಳಿಸಿತು. ಅದಕ್ಕೆ ಪದವಿ ಬೇಕಿರಲಿಲ್ಲ, ತಾಳ್ಮೆ ಇದ್ದರೆ ಸಾಕಿತ್ತು. ಅವನ ಪುಟಗಳಲ್ಲಿ ಒಂದೆಡೆ ರಾಸಾಯನಿಕ ಲೆಕ್ಕ, ಅದರ ಬೆನ್ನಿಗೇ ಕವಿತೆಯ ಸಾಲು. ಕೈಬರಹ ಮೊದಲ ವಾರ ಕಾಗೆಯ ಕಾಲು ಗುಬ್ಬಿಯ ಕಾಲಿನಂತೆ ಕಾಣುತ್ತದೆ. ಒಂದೇ ಪುಟವನ್ನು ಬಿಡದೆ ನೋಡಿ, ಗೊತ್ತಾದ ಅಕ್ಷರಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಅನುಮಾನವಿದ್ದ ಕಡೆ ಊಹಿಸದೆ ಜಾಗ ಬಿಡಿ. ಎರಡನೆಯ ವಾರಕ್ಕೆ ಅರ್ಧ ಜಾಗ ತುಂಬಿರುತ್ತದೆ.